ಮಾಲ್ನಾ ನಿಂತರೆ ಯಾರೋ ಇದ್ದಾರೆ

ಸೆಪ್ಟೆಂಬರಿನ ಆ ಶನಿವಾರ ಬೆಳಗ್ಗೆ ಏಳು ಗಂಟೆಗೆ ವೆಂದೆಲ್ ಮುದುಕ ಲಾಯದಲ್ಲಿ ನಿಂತು ತನ್ನ ಕುದುರೆ ಮಾಲ್ನಾಳ ಜೂಲು ಹೆಣೆಯುತ್ತಿದ್ದ. ಹದಿಮೂರು ಜಡೆ, ಒಂದೊಂದೂ ಹೆಬ್ಬೆರಳಿನಷ್ಟು ಉದ್ದ, ಒಂದರ ಪಕ್ಕ ಇನ್ನೊಂದು ಅಳತೆ ತಪ್ಪದಂತೆ. ಎಪ್ಪತ್ತೊಂಬತ್ತರ ಮನುಷ್ಯ ಕನ್ನಡಕವಿಲ್ಲದೆ ಇಷ್ಟು ಅಚ್ಚುಕಟ್ಟಾಗಿ ಜಡೆ ಹಾಕುತ್ತಾನಲ್ಲ ಎಂದು ಊರವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಇಡಲಿ ಬಿಡಿ. ಕನ್ನಡಕ ಹಾಕಿದರೂ ಅಷ್ಟೆ, ಹಾಕದಿದ್ದರೂ ಅಷ್ಟೆ ಎಂಬುದು ಅವರಿಗೇನು ಗೊತ್ತು? ಜಡೆ ಹಾಕುತ್ತಿದ್ದದ್ದು ಅವನ ಬೆರಳುಗಳು. ಕಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಕಣ್ಣು ಪೂರ್ತಿ ಹೋಗಿರಲಿಲ್ಲ, ನಡುವೆ ಹೋಗಿತ್ತು. ನೇರ ನೋಡಿದ ಕಡೆಯೆಲ್ಲ ಬೂದಿ ಬಣ್ಣದ ಒಂದು ಕಲೆ, ಅದರ ಸುತ್ತ ಅಂಚಿನಲ್ಲಿ ಮಾತ್ರ ಲೋಕ. ಎದುರು ಬಂದವರ ಬೂಟು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸೂಪಿನ ತಟ್ಟೆಯ ಅಂಚು ಕಾಣುತ್ತಿತ್ತು, ಸೂಪು ಕಾಣುತ್ತಿರಲಿಲ್ಲ. ಮೂರು ವರ್ಷದಿಂದ ಹೀಗೆ. ಈ ವಿಷಯ ಗೊತ್ತಿದ್ದದ್ದು ಭೂಮಿಯ ಮೇಲೆ ಮೂರೇ ಜೀವಕ್ಕೆ. ಒಂದು ಅವನಿಗೆ, ಇನ್ನೊಂದು ಅವನ ಬಾಲ್ಯದ ಗೆಳೆಯ ಡೆಜೋಗೆ, ಮೂರನೆಯದು ಮಾಲ್ನಾಗೆ. ಒಂದೇ ಸೂರಿನಡಿ ಇರುವ ಮಗಳು ಇಲ್ಕಾಗೆ ಮಾತ್ರ ಗೊತ್ತಿರಲಿಲ್ಲ.

ಅವಳಿಗೆ ಹೇಳದಿರುವುದಕ್ಕೆ ಕಾರಣವಿತ್ತು. ಇಲ್ಕಾ ಪೇಟೆಯಲ್ಲಿ ದನದ ಡಾಕ್ಟರ ಕೈಕೆಳಗೆ ಕೆಲಸ ಮಾಡುವವಳು, ಕುದುರೆಯಿಂದ ಒದೆಸಿಕೊಂಡವರನ್ನು ಕಣ್ಣಾರೆ ಕಂಡವಳು. ಎರಡು ವರ್ಷದ ಕೆಳಗೆ ಪಕ್ಕದ ಊರಿನ ಮುದುಕನೊಬ್ಬ ಕುದುರೆಯ ಹಿಂಗಾಲು ಎಲ್ಲಿದೆ ಎಂದು ಕಾಣದೆ ಹೋಗಿ ಪಕ್ಕೆಲುಬು ಮುರಿದುಕೊಂಡು ಸತ್ತ. ಆ ಸಂಜೆ ಇಲ್ಕಾ ಊಟದ ಮೇಜಿನ ಮೇಲೆ ಚಮಚ ಕುಕ್ಕಿ ಹೇಳಿದ್ದಳು: "ನೋಡಪ್ಪ, ಈಗ್ಲೇ ಹೇಳ್ಬಿಡ್ತೀನಿ. ನಿನ್ನ ಕಣ್ಣು ಕೈ ಕೊಟ್ಟ ದಿನ ಲಾಯಕ್ಕೆ ಬೀಗ ಹಾಕ್ತೀನಿ. ಬೀಗದ ಕೈ ನನ್ ಸೊಂಟದಲ್ಲಿರತ್ತೆ. ಅತ್ರೂ ಕೊಡಲ್ಲ, ಕೂಗಾಡಿದ್ರೂ ಕೊಡಲ್ಲ." ಅವಳು ಅವರಮ್ಮನ ಮಗಳು, ಆಡಿದ್ದನ್ನು ಮಾಡುವವಳೇ. ವೆಂದೆಲ್ ಆಗ ತಲೆ ತಗ್ಗಿಸಿ ತಟ್ಟೆಯ ಅಂಚನ್ನು ನೋಡುತ್ತ, "ನನ್ ಕಣ್ಣಿಗೇನಾಗಿದೆ ಧಾಡಿ" ಎಂದಿದ್ದ. ಅಂದು ಆಡಿದ ಸುಳ್ಳನ್ನು ಇಂದಿನವರೆಗೂ ಹೊತ್ತುಕೊಂಡು ತಿರುಗುತ್ತಿದ್ದ.

ಲಾಯವಿಲ್ಲದ ವೆಂದೆಲ್ ಅಂದರೆ ಏನುಳಿಯಿತು? ಹದಿನಾಲ್ಕನೆಯ ವಯಸ್ಸಿಗೆ ಕಿಶ್ಬೇರಿನ ಅಶ್ವಶಾಲೆಗೆ ಕೆಲಸಕ್ಕೆ ಸೇರಿದವನು ಅವನು. ಇಪ್ಪತ್ತೊಂದಾದಾಗ ಅಶ್ವಶಾಲೆ ಮುಚ್ಚಿತು. ಅರಸರ ಮಕ್ಕಳ ಹಾಗೆ ಬೆಳೆದ ಹೆಣ್ಣುಕುದುರೆಗಳನ್ನು ಸಾಮೂಹಿಕ ಫಾರಮ್ಮುಗಳಿಗೆ ಹಂಚಿ, ಗೊಬ್ಬರದ ಗಾಡಿಗೂ ಹಾಲಿನ ಗಾಡಿಗೂ ಹೂಡಿದರು. ವೆಂದೆಲ್ ತನ್ನ ಮೆಚ್ಚಿನ ಸೆದೆರ್ ಎಂಬ ಕುದುರೆಯ ಹಿಂದೆಯೇ ಹೋಗಿ, ಅವಳು ಎಳೆಯುವ ಹಾಲಿನ ಗಾಡಿಯ ಚಾಲಕನಾದ. ಅವಳ ಮಗಳು, ಆ ಮಗಳ ಮಗಳು, ಹೀಗೆ ಹೆಣ್ಣಿನಿಂದ ಹೆಣ್ಣಿಗೆ ಆ ಸಾಲನ್ನು ಕಾಪಾಡಿಕೊಂಡು ಬಂದ. ಎಲ್ಲರಿಗೂ ಪೊದೆಯ ಹಣ್ಣುಗಳ ಹೆಸರೇ. ಕೊನೆಯವಳು ಈ ಮಾಲ್ನಾ, ನಾಲ್ಕು ವರ್ಷದವಳು. ಇವಳಮ್ಮ ಹೊಟ್ಟೆನೋವಿನಿಂದ ಸತ್ತ ಮೇಲೆ ಸೆದೆರಳ ಸಾಲಿನಲ್ಲಿ ಇನ್ನೊಂದು ಹೆಣ್ಣಿರಲಿಲ್ಲ.

ಕಿಶ್ಬೇರ್ ತಳಿ ಎಂದರೆ ಓಟದ ಕುದುರೆಯ ರಕ್ತಕ್ಕೆ ಹಳ್ಳಿಯ ಗಟ್ಟಿ ಎಲುಬು ಸೇರಿದ ಜಾತಿ. ಸಣ್ಣ ಒಣ ಮುಖ, ಅಗಲ ಕಣ್ಣು, ಓರೆಯಾಗಿ ಇಳಿದ ಉದ್ದ ಭುಜ, ನರ ಎದ್ದು ಕಾಣುವಷ್ಟು ತೆಳು ಚರ್ಮ. ಲೋಕದಲ್ಲೆಲ್ಲ ಹುಡುಕಿದರೂ ಹೆಣ್ಣುಗಳು ಕೆಲವೇ ನೂರು. ಓಡುತ್ತವೆ, ಹಾರುತ್ತವೆ, ದಣಿವು ಎಂದರೆ ಗೊತ್ತಿಲ್ಲ. ಆದರೆ ಮನಸ್ಸಿಗೆ ಹಚ್ಚಿಕೊಳ್ಳುವುದು ಜಾಸ್ತಿ. ಒಬ್ಬರನ್ನು ನಂಬಿದರೆ ನಂಬಿದ್ದೇ, ಒಂದನ್ನು ಕಲಿತರೆ ಕಲಿತದ್ದೇ. ಮಾಲ್ನಾಳ ಅಜ್ಜಿಗೆ ಫಾರಮ್ಮಿನ ಮೇಲ್ವಿಚಾರಕನೊಬ್ಬ ಬೇಲಿ ಹಾರಲಿಲ್ಲವೆಂದು ಒಂದೇ ಒಂದು ಚಾಟಿಯೇಟು ಕೊಟ್ಟಿದ್ದ. ಆಮೇಲೆ ಹದಿನೆಂಟು ವರ್ಷ ಬದುಕಿದಳು ಅವಳು. ಒಂದು ಮೋರಿಯನ್ನೂ ಹಾರಲಿಲ್ಲ.

ಇವತ್ತು ಮಾಲ್ನಾಳ ಪರೀಕ್ಷೆ. ತಳಿ ಸಂಘದ ಸಮಿತಿಯವರು ಮೈಕಟ್ಟು ನೋಡಿ, ನಡೆ ನೋಡಿ, ಸವಾರನಿಲ್ಲದೆ ಹಾರಿಸಿ ನೋಡಿ ಅಂಕ ಕೊಡುತ್ತಾರೆ. ಗೆದ್ದರೆ ತಳಿ ಪುಸ್ತಕದಲ್ಲಿ ಹೆಸರು ಬೀಳುತ್ತದೆ, ಅವಳ ಮರಿಗಳು ಕಿಶ್ಬೇರ್ ಅನ್ನಿಸಿಕೊಳ್ಳುತ್ತವೆ. ಸೋತರೆ ಅವಳು ಬರೀ ಒಂದು ಕೆಂಪು ಕುದುರೆ. ಹೋದ ವರ್ಷ ಗೊರಸಿನ ಗಾಯದಿಂದ ಅವಕಾಶ ತಪ್ಪಿತ್ತು. ನಾಲ್ಕು ದಾಟಿದ ಕುದುರೆಯನ್ನು ಪರೀಕ್ಷೆಗೆ ಬಿಡುವುದಿಲ್ಲ, ಇದೇ ಕೊನೆಯದು. ಇಲ್ಕಾ ನಾಲ್ಕು ವರ್ಷದಿಂದ ಈ ಒಂದು ದಿನಕ್ಕಾಗಿ ಬೆಳಗ್ಗೆ ಐದಕ್ಕೆ ಎದ್ದಿದ್ದಾಳೆ.

"ಆಯ್ತಾ ಅಪ್ಪ? ಟ್ರಕ್ಕು ಬಂತು." ಇಲ್ಕಾ ಬಾಗಿಲಲ್ಲಿ ನಿಂತಿದ್ದಳು. ಅವಳ ಹಳದಿ ರಬ್ಬರ್ ಬೂಟು ಅವನ ಕಣ್ಣಂಚಿಗೆ ಬಿತ್ತು.

"ಆಯ್ತು. ನೀನು ಏನಾದ್ರೂ ತಿಂದ್ಯಾ?"

"ಗಂಟಲಲ್ಲಿ ನೀರೂ ಇಳೀತಿಲ್ಲ. ರಾತ್ರಿಯೆಲ್ಲ ಅವಳು ಕಂಬ ಬೀಳಿಸ್ದಂಗೇ ಕನಸು."

"ಬೀಳಿಸಲ್ಲ ಬಿಡು," ಎಂದ ವೆಂದೆಲ್. ಅದನ್ನಂತೂ ನಂಬಿಯೇ ಹೇಳಿದ. ಮಾಲ್ನಾ ಕಂಬ ಬೀಳಿಸುವವಳಲ್ಲ. ಅವನ ಭಯ ಬೇರೆ ಕಾರಣಕ್ಕೆ.

ಆ ಕಾರಣ ಶುರುವಾದದ್ದು ಎರಡು ವರ್ಷದ ಹಿಂದೆ, ಪಾಪ್ಲರ್ ಮರಗಳ ಸಾಲಿನ ರಸ್ತೆಯಲ್ಲಿ. ಮಾಲ್ನಾಳನ್ನು ಹಗುರ ಎರಡು ಚಕ್ರದ ಗಾಡಿಗೆ ಹೂಡಿ ವೆಂದೆಲ್ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದ. ಎಳೆಯ ಕುದುರೆಗೆ ಕಾಲು ಗಟ್ಟಿಯಾಗಲಿ ಎಂದು ಇಲ್ಕಾಳೇ ಒಪ್ಪಿದ್ದಳು. ಎದುರಿಗೆ ವಿಧವೆ ರೋಜಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದದ್ದು ಅವನಿಗೆ ಕಾಣಲೇ ಇಲ್ಲ. ಚಕ್ರ ಅವಳ ಬುಟ್ಟಿಗೆ ತಾಗಿ ಮೊಟ್ಟೆಗಳೆಲ್ಲ ರಸ್ತೆಗೆ ಬಿದ್ದವು. ಇನ್ನೊಂದು ಗೇಣು ಈಚೆ ಬಂದಿದ್ದರೆ ಬೀಳುತ್ತಿದ್ದದ್ದು ರೋಜಿಯೇ. "ಕುಡಿದಿದ್ಯೇನೋ ವೆಂದೆಲ್!" ಎಂದು ಅವಳು ಕಿರುಚಿದಳು. "ಹೌದಮ್ಮ, ಒಂದೆರಡು ಜಾಸ್ತಿಯಾಯ್ತು," ಎಂದ ಅವನು. ಕುಡುಕ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು ಅವನಿಗೆ.

ಮಾರನೆಯ ದಿನವೇ ಡೆಜೋನನ್ನು ಕರೆದುಕೊಂಡು ಹೋಗಿ ಹಣ್ಣಿನ ತೋಟದ ದಾರಿಯಲ್ಲಿ ನಿಲ್ಲಿಸಿದ. ಮುಂದೆ ಮನುಷ್ಯ ನಿಂತಿದ್ದರೆ ನಿಲ್ಲಬೇಕು, ನಿಂತರೆ ಕ್ಯಾರೆಟ್ಟು, ಇದು ಪಾಠ. ಡೆಜೋ ಮರದ ಹಿಂದಿನಿಂದ ಬಂದು ನಿಲ್ಲುವುದು, ಮಾಲ್ನಾ ನಿಲ್ಲುವುದು, ಕ್ಯಾರೆಟ್ಟು ತಿನ್ನುವುದು. ಬೇರೆ ಕುದುರೆಗೆ ತಿಂಗಳು ಬೇಕು, ಇವಳಿಗೆ ಮೂರೇ ದಿನ ಸಾಕಾಯಿತು. ಅಂದಿನಿಂದ ದಾರಿಯಲ್ಲಿ ಯಾರು ಎದುರಾದರೂ ಅವಳು ಮೂರು ಮಾರು ದೂರದಲ್ಲೇ ಗಕ್ಕನೆ ನಿಲ್ಲುತ್ತಿದ್ದಳು. ವೆಂದೆಲ್ ಟೋಪಿ ಎತ್ತಿ, "ದೇವರು ಒಳ್ಳೇದ್ ಮಾಡ್ಲಿ!" ಅನ್ನುತ್ತಿದ್ದ. ಎದುರಿನವರು, "ನಿಮಗೂ ಮಾಡ್ಲಿ ವೆಂದೆಲ್ ಮಾವ!" ಅನ್ನುತ್ತಿದ್ದರು. ದನಿಯಿಂದ ಯಾರೆಂದು ತಿಳಿಯುತ್ತಿತ್ತು. ಹೆಂಗಸರು ಕಂಡರೂ ಗಾಡಿ ನಿಲ್ಲಿಸಿ ಟೋಪಿ ಎತ್ತುವ ದೊಡ್ಡ ಮನುಷ್ಯ ಇವನೊಬ್ಬನೇ ಎಂದು ಊರಿನಲ್ಲಿ ಹೆಸರಾಯಿತು. ಒಂದು ಸಲ ದ್ರಾಕ್ಷಿ ತೋಟದ ಅಂಚಿನಲ್ಲಿ ಮಾಲ್ನಾ ನಿಂತಳು, ಇವನು ಟೋಪಿ ಎತ್ತಿದ, ಉತ್ತರವಿಲ್ಲ. ಮತ್ತೆ ಎತ್ತಿದ. "ಏನಯ್ಯಾ ಸೊಕ್ಕು! ಬಾಯಲ್ಲಿ ಏನಿಟ್ಕೊಂಡಿದೀಯ?" ಎಂದು ಬೈದ. ಅದು ಹಕ್ಕಿ ಬೆದರಿಸಲು ನೆಟ್ಟ ಕೋಟು ತೊಡಿಸಿದ ಬೊಂಬೆ. ಡೆಜೋ ಇವತ್ತಿಗೂ ಅದನ್ನು ನೆನೆಸಿಕೊಂಡು ನಗುತ್ತಾನೆ.

ಆದರೆ ಪರೀಕ್ಷೆಯ ಶೆಡ್ಡಿನಲ್ಲಿ ನಗುವಂಥದ್ದೇನೂ ಇರಲಿಲ್ಲ. ಅಲ್ಲಿ ಗೋಡೆಗುಂಟ ಹಲಗೆ ಕಟ್ಟಿ ಓಣಿ ಮಾಡಿರುತ್ತಾರೆ. ಓಣಿಯೊಳಗೆ ಮೂರು ಅಡೆತಡೆ. ಕುದುರೆಯನ್ನು ಈ ತುದಿಯಿಂದ ಬಿಡುತ್ತಾರೆ. ಆ ತುದಿಯಲ್ಲಿ, ಮೂರನೆಯ ಅಡೆತಡೆಯ ಆಚೆ, ಓಟ್ಸ್ ತುಂಬಿದ ಬಕೆಟ್ ಅಲ್ಲಾಡಿಸುತ್ತ ಒಬ್ಬ ಮನುಷ್ಯ ನಿಂತಿರುತ್ತಾನೆ, ನಟ್ಟನಡುವೆ. ಬೇರೆ ಕುದುರೆಗಳಿಗೆ ಅವನು ಬಕೆಟ್ಟು. ಮಾಲ್ನಾಗೆ ಅವನು ದಾರಿಯಲ್ಲಿ ಸಿಕ್ಕ ಮನುಷ್ಯ.

ಇದು ವೆಂದೆಲನಿಗೆ ಹೊಳೆದದ್ದು ಹದಿನೈದು ದಿನದ ಹಿಂದೆ. ಮನೆಯಲ್ಲಿ ಹಾರಿಸುವಾಗ ಇಲ್ಕಾ ಹಿಂದಿನಿಂದ ಓಡಿಸುತ್ತಿದ್ದಳು, ಮುಂದೆ ಬಕೆಟ್ಟು ಬೇಲಿಗೆ ನೇತುಹಾಕಿರುತ್ತಿತ್ತು, ಮನುಷ್ಯರಿರಲಿಲ್ಲ. ಇಲ್ಕಾ ಕೆಲಸಕ್ಕೆ ಹೋದ ಮೇಲೆ ಡೆಜೋನನ್ನು ಕರೆಸಿ ಎಂಟು ದಿನ ಪಾಠ ಅಳಿಸಲು ನೋಡಿದ. ಮಾಲ್ನಾಳನ್ನು ಗಾಡಿಗೆ ಹೂಡಿ ಡೆಜೋ ಮುಂದೆ ನಿಲ್ಲುವುದು, ವೆಂದೆಲ್ ಅವಳ ಪಕ್ಕ ನಿಂತು "ನಡಿ, ನಡಿಯೇ ತಾಯಿ" ಅನ್ನುವುದು. ಮಾಲ್ನಾ ಹೆಜ್ಜೆ ಕಿತ್ತಿಡಲಿಲ್ಲ. ಕತ್ತು ತಿರುಗಿಸಿ, ಮುದುಕನಿಗೆ ಬುದ್ಧಿಗಿದ್ಧಿ ಕೆಟ್ಟಿತೇ ಎಂಬಂತೆ ಅವನ ತೋಳು ಮೂಸಿದಳು. ಕೊನೆಗೆ ಡೆಜೋ, "ಗಾಡಿ ಇಲ್ದೇ ಇದ್ರೆ ನಿಲ್ಲದೇನೂ ಇರಬಹ್ದು ಕಣೋ," ಎಂದ. ಆ ಒಂದು 'ಇರಬಹುದು' ಹಿಡಿದುಕೊಂಡೇ ವೆಂದೆಲ್ ಇವತ್ತು ಟ್ರಕ್ಕು ಹತ್ತಿದ್ದು.

ಶೆಡ್ಡಿನ ಮುಂದೆ ಆಗಲೇ ಹತ್ತಾರು ಕುದುರೆ ಟ್ರಕ್ಕುಗಳು ನಿಂತಿದ್ದವು. ಕಡಾಯಿಯಲ್ಲಿ ಗೂಲಾಶ್ ಎಂಬ ಮಾಂಸದ ಸಾರು ಕುದಿಯುತ್ತಿದ್ದ ವಾಸನೆ. ಡೆಜೋ ಬಸ್ಸಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ. ಕುಳ್ಳ, ದಪ್ಪ ಮನುಷ್ಯ. ಅವನ ಮುಖ ನೋಡಿ ಎಷ್ಟು ದಿನವಾಯಿತೋ, ಹೊಟ್ಟೆಯ ಅಂಚು ಮಾತ್ರ ವೆಂದೆಲನಿಗೆ ಚೆನ್ನಾಗಿ ಕಾಣುತ್ತಿತ್ತು.

"ತಗೋ, ಒಂದ್ ಗುಟುಕು ಪಾಲಿಂಕಾ ಹಾಕು. ಮುಖ ನೋಡು, ಮದುಮಗಳನ್ನ ಕಳಿಸ್ಕೊಡೋ ಅಪ್ಪನ್ ಥರ ಆಗಿದೆ."

"ಬೇಡ. ಬಾಯಿ ವಾಸನೆ ಬಂದ್ರೆ ಇವಳು ಮುನಿಸ್ಕೋತಾಳೆ."

"ಇಲ್ಕಾನಾ, ಮಾಲ್ನಾನಾ?"

"ಇಬ್ರೂ." ವೆಂದೆಲ್ ದನಿ ತಗ್ಗಿಸಿದ. "ಬಕೆಟ್ಟವನು ಎಲ್ಲಿ ನಿಂತಿದಾನೆ ನೋಡಿದ್ಯಾ?"

ಡೆಜೋ ಶೆಡ್ಡಿನೊಳಕ್ಕೆ ಇಣುಕಿ ಬಂದ. "ನಡುವೆ ಕಣೋ. ಎತ್ತರದ ಆಳು. ಕೆಂಪು ಟೋಪಿ ಬೇರೆ."

ಇಲ್ಕಾ ಎಲ್ಲಿದ್ದಾಳೆಂದು ವೆಂದೆಲ್ ಕಿವಿಗೊಟ್ಟ. ಈಗಲೇ ಇಲ್ಕಾಗೆ ಹೇಳಿಬಿಡಲೇ ಅಂದುಕೊಂಡ. ಹೇಳಿದರೆ ಬಕೆಟ್ಟವನನ್ನು ಸರಿಸಬಹುದು. ಸರಿಸಿ ಎಂದರೆ ಯಾಕೆ ಅನ್ನುತ್ತಾರೆ. ಯಾಕೆ ಎಂದರೆ ಬೀಗ. ನಾಳೆಯಿಂದ ಬೆಳಗಿನ ಹೊತ್ತು ಅಡುಗೆಮನೆಯ ಕಿಟಕಿ ಪಕ್ಕ ಕೂತು ರೇಡಿಯೋ ಕೇಳುತ್ತ, ಲಾಯದಿಂದ ಬರುವ ಕೆನೆತ ಕೇಳಿಸಿಕೊಳ್ಳುತ್ತ ಕಾಲ ಕಳೆಯಬೇಕು. ಗಾಡಿಯಿಲ್ಲದಿದ್ದರೆ ನಿಲ್ಲಲಿಕ್ಕಿಲ್ಲ, ನಿಲ್ಲಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಡಿ ಎಂದು ಬೈದುಕೊಂಡ. ಬೈದುಕೊಂಡೂ ಬಾಯಿ ಬಿಡಲಿಲ್ಲ.

ಮೊದಲು ಮೈಕಟ್ಟಿನ ಪರೀಕ್ಷೆ. ಸಾಕಿದವರೇ ಹಗ್ಗ ಹಿಡಿದು ಮೂರು ಮೂಲೆಯ ದಾರಿಯಲ್ಲಿ ಕುದುರೆಯನ್ನು ನಡೆಸಿ, ಓಡಿಸಿ ತೋರಿಸುವುದು ಅಲ್ಲಿನ ವಾಡಿಕೆ. ಸಮಿತಿಯ ಅಧ್ಯಕ್ಷ ಒಟ್ಟೊಕಾರ್, ಅರವತ್ತರ ಆಸುಪಾಸಿನವನು, ಮಾತಿನಲ್ಲಿ ಖಾರವಿದ್ದರೂ ಕುದುರೆಯ ಮೇಲೆ ಕೈಯಿಟ್ಟರೆ ಮೆತ್ತಗಾಗುವವನು.

"ವೆಂದೆಲ್ ಮಾವ, ನೀವು ಇನ್ನೂ ಓಡ್ತೀರಾ? ಮಗಳ ಕೈಗೆ ಕೊಡಬಾರದಾ?"

"ಅವಳು ಓಡಿದ್ರೆ ಜನ ಅವಳನ್ನ ನೋಡ್ತಾರೆ, ಕುದುರೇನ ನೋಡಲ್ಲ," ಎಂದ ವೆಂದೆಲ್. ಸುತ್ತ ನಿಂತವರು ನಕ್ಕರು. ಇಲ್ಕಾ, "ಥೂ ಅಪ್ಪ!" ಎಂದಳು.

ಮೂಲೆಗೆ ನೆಟ್ಟ ಕೆಂಪು ಬಾವುಟ ಎಲ್ಲಿದೆಯೋ ಅವನಿಗೆ ಕಾಣಲಿಲ್ಲ. ಅದರ ಚಿಂತೆ ಅವನು ಮಾಡಲೂ ಇಲ್ಲ. ಹಗ್ಗ ಸಡಿಲ ಬಿಟ್ಟು ಮಾಲ್ನಾಳ ಭುಜದ ಪಕ್ಕ ಓಡಿದ. ಮೂಲೆ ಬಂದಾಗ ಅವಳ ಭುಜ ಅವನ ತೋಳಿಗೆ ಒತ್ತುತ್ತಿತ್ತು, ಅವನು ತಿರುಗುತ್ತಿದ್ದ. ನೋಡುವವರಿಗೆ ಮುದುಕನೇ ತಿರುಗಿಸಿದಂತೆ. ತಿರುಗಿಸಿದ್ದು ಅವಳು. ಮೂರು ಮೂಲೆ ಮುಗಿದು ಸಮಿತಿಯ ಮುಂದೆ ಬಂದಾಗ ಮಾಲ್ನಾ ತಾನಾಗಿಯೇ ನಿಂತಳು. ನಿಂತದ್ದರಿಂದ ಅವನಿಗೆ ಗೊತ್ತಾಯಿತು, ಎದುರಿಗೆ ಜನ ಇದ್ದಾರೆ. ಟೋಪಿ ಎತ್ತಿದ. ಜನ ಚಪ್ಪಾಳೆ ತಟ್ಟಿದರು.

ಅಳತೆಕೋಲು ಇಟ್ಟು ನೋಡಿದರು: ನೂರ ಅರವತ್ತೈದು ಸೆಂಟಿಮೀಟರ್. ಒಟ್ಟೊಕಾರ್ ಅವಳ ಭುಜದ ಓರೆಯ ಮೇಲೆ, ಬೆನ್ನಿನ ಮೇಲೆ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಕೈಯಾಡಿಸುತ್ತ ಅಂಕ ಬರೆಯುವವಳಿಗೆ ಹೇಳಿದ: "ಭುಜ ಒಂಬತ್ತು. ಮುಖ ಒಂಬತ್ತು. ಕಾಲಿನ ಎಲುಬು ಸ್ವಲ್ಪ ಸಣ್ಣ, ಏಳು." ಆಮೇಲೆ ತಾನು ಹೇಳಿದ್ದು ಯಾರಿಗೂ ಕೇಳಬಾರದೆಂಬಂತೆ ಗೊಣಗಿದ: "ಹಳೇ ಫೋಟೋದಿಂದ ಇಳಿದು ಬಂದಂಗಿದಾಳಲ್ಲ."

ಇಲ್ಕಾ ಓಡಿ ಬಂದು ಅಪ್ಪನ ತೋಳು ಹಿಡಿದಳು. ಅವಳ ಕೈ ಬೆವರಿತ್ತು. "ಕೇಳಿದ್ಯಾ? ಒಂಬತ್ತು, ಒಂಬತ್ತು! ಇನ್ನು ಹಾರಿದ್ರೆ ಸಾಕಪ್ಪಾ. ಹಾರದೇ ಹೋದ್ರೆ ಸೊನ್ನೆ, ಸೊನ್ನೆ ಬಂದ್ರೆ ಇದೆಲ್ಲ ನೀರಲ್ಲಿ ಹೋಮ. ಮೂರು ಸಲ ಬಿಡ್ತಾರೆ. ಒಂದ್ಸಲ ಆದ್ರೂ ಪೂರ್ತಿ ಹಾರ್ಬೇಕು. ಹಾರ್ತಾಳೆ ಅಲ್ವಾ?"

"ಹಾರ್ತಾಳೆ," ಎಂದ ವೆಂದೆಲ್.

ಓಣಿಯ ಹಲಗೆಗೆ ಕೈಯಿಟ್ಟು ಅವನು ಡೆಜೋ ಪಕ್ಕ ನಿಂತ. ಮಾಲ್ನಾಳನ್ನು ಬಿಟ್ಟರು. ಮರಳಿನ ಮೇಲೆ ಗೊರಸಿನ ಸದ್ದು ಅವನಿಗೆ ಬರಹದಷ್ಟು ಸ್ಪಷ್ಟ: ಮೂರು ನೆಗೆತ, ಒಂದು ಗಳಿಗೆ ಮೌನ, ಧಪ್. ಮೊದಲನೆಯದು ದಾಟಿದಳು. ಎರಡು ನೆಗೆತ, ಮೌನ, ಧಪ್. ಎರಡನೆಯದೂ ಆಯಿತು. ಒಂದು ನೆಗೆತ. ಮರಳು ಸರ್‍ರೆಂದು ಕೆರೆದ ಸದ್ದು. ಆಮೇಲೆ ಏನೂ ಇಲ್ಲ.

"ನಿಂತ್ಲು," ಎಂದ ಡೆಜೋ ಮೆಲ್ಲಗೆ. "ಕಂಬದ ಮುಂದೆ. ಕೆಂಪು ಟೋಪಿಯವನ್ನೇ ನೋಡ್ತಾ ನಿಂತಿದಾಳೆ. ಕ್ಯಾರೆಟ್ಟು ಕೊಡ್ತಾನೇನೋ ಅಂತ."

ಜನ ಗುಸುಗುಸು ಶುರು ಮಾಡಿದರು. ಹೆದರಿಕೆ ಇರಬೇಕು, ಎಂದರು ಯಾರೋ. ಅತಿ ನಯವಾದ ರಕ್ತ ಅಲ್ವಾ, ಗುಂಡಿಗೆ ಇರಲ್ಲ, ಎಂದರು ಇನ್ಯಾರೋ. ಅದು ಇಲ್ಕಾಳ ಕಿವಿಗೂ ಬಿತ್ತೆಂದು ಅವಳು ಎಳೆದುಕೊಂಡ ಉಸಿರಿನಿಂದ ಅವನಿಗೆ ತಿಳಿಯಿತು. ಮತ್ತೆ ತಂದು ಬಿಟ್ಟರು. ಧಪ್. ಧಪ್. ಒಂದು ನೆಗೆತ, ಮತ್ತೆ ಅದೇ ಕೆರೆತ. ಎರಡನೆಯ ಅವಕಾಶವೂ ಹೋಯಿತು.

"ಇನ್ನೊಂದೇ ಇರೋದು," ಒಟ್ಟೊಕಾರ್ ದನಿ ಕೇಳಿಸಿತು. "ಏನಮ್ಮ ಇಲ್ಕಾ, ಮನೇಲಿ ಹಾರ್ತಿದ್ಲಾ?"

"ಇದಕ್ಕಿಂತ ಎತ್ತರ ಹಾರ್ತಿದ್ಲು ಸಾರ್! ಒಂದಿನಾನೂ ನಿಂತೋಳಲ್ಲ. ಏನಾಯ್ತೋ ನಂಗೆ ಗೊತ್ತಾಗ್ತಿಲ್ಲ." ಅಳು ತಡೆದುಕೊಂಡು ಆಡಿದ ಮಾತು ಅದು. ತಾನು ಐದು ವರ್ಷದವಳಿದ್ದಾಗ ಸೆದೆರಳ ಮೊಮ್ಮಗಳು ಸತ್ತ ದಿನವೂ ಹೀಗೇ ತಡೆದುಕೊಂಡು ಮಾತಾಡಿದ್ದಳು.

ಓಣಿಯ ಬಾಯಲ್ಲಿ ಕುದುರೆ ಓಡಿಸಲು ನಿಂತಿದ್ದ ಆಳು ಹೇಳಿದ: "ಸೋಮಾರಿತನ ಕಣಕ್ಕ. ಎರಡನೇದು ಹಾರಿದ ತಕ್ಷಣ ಹಿಂಗಾಲಿಗೆ ಚಾಟಿ ಒಂದು ಮುಟ್ಟಿಸ್ತೀನಿ. ಹಾರದೇ ಎಲ್ಲಿಗ್ ಹೋಗ್ತಾಳೆ? ನಿಯಮದಲ್ಲೂ ಇದೆ, ಒಡೆಯರು ಒಪ್ಪಿದ್ರೆ ಆಯ್ತು."

ಇಲ್ಕಾಳ ನಾಲ್ಕು ವರ್ಷ ಆ ಒಂದು ಮಾತಿಗೆ ನೇತುಬಿದ್ದಿತ್ತು. ಅಜ್ಜಿ ಕುದುರೆಯ ಕತೆ ಅವಳಿಗೂ ಗೊತ್ತು. ಆದರೆ ಕೊನೆಯ ಅವಕಾಶ ಕಣ್ಣೆದುರಿಗೆ ಜಾರುತ್ತಿರುವಾಗ ಮನುಷ್ಯ ಏನನ್ನು ತಾನೇ ಒಪ್ಪುವುದಿಲ್ಲ?

"ಒಂದೇ ಒಂದು," ಎಂದಳು ಕೊನೆಗೆ. "ಮೆಲ್ಲಗೆ."

ಮನುಷ್ಯನನ್ನು ಕಂಡು ನಿಂತದ್ದಕ್ಕೆ ಏಟು! ಎರಡು ವರ್ಷದಿಂದ ಅವಳು ಮಾಡಿದ್ದೇ ಅದು. ಅಂಚೆಯವನನ್ನು ಉಳಿಸಿದಳು, ಶಾಲೆ ಬಿಟ್ಟು ಬರುವ ಮಕ್ಕಳನ್ನು ಉಳಿಸಿದಳು, ವೆಂದೆಲನ ಮಾನ ಉಳಿಸಿದಳು. ಈಗ ಅದೇ ತಪ್ಪೆಂದು ಚಾಟಿ ಎತ್ತುತ್ತಿದ್ದಾರೆ, ಅವನು ಹಲಗೆ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಾನೆ.

"ಚಾಟಿ ಕೆಳಗಿಡೋ!"

ಅವನ ಗಂಟಲಿನಿಂದ ಅಂಥ ದನಿ ಬಂದು ಇಪ್ಪತ್ತು ವರ್ಷವಾಗಿತ್ತು. ಅವನು ಹಲಗೆ ತಡವುತ್ತ ಮುಂದೆ ಹೋದ. ಎಲ್ಲಿ ಬಾಗಿಲಿದೆ ಕಾಣಲಿಲ್ಲ, ಕೈಗೆ ಸಿಕ್ಕಿತು. ಒಳಗೆ ಕಾಲಿಟ್ಟ.

"ಅವಳು ಹೆದರಿಲ್ಲ. ಸೋಮಾರೀನೂ ಅಲ್ಲ. ಅಲ್ಲೊಬ್ಬ ಮನುಷ್ಯ ನಿಂತಿದಾನೆ, ಅದಕ್ಕೇ ನಿಂತ್ಲು. ಮನುಷ್ಯ ಎದುರಿದ್ರೆ ನಿಲ್ಲಬೇಕು ಅಂತ ನಾನೇ ಕಲ್ಸಿರೋದು. ಅವನನ್ನ ಹಲಗೆ ಹಿಂದೆ ಕಳ್ಸಿ. ಬಕೆಟ್ಟು ನೆಲದ ಮೇಲಿಡಿ. ಆಮೇಲೆ ನೋಡಿ."

"ಹಾರೋ ಕುದುರೇಗೆ ನಿಲ್ಲೋದು ಕಲ್ಸಿದ್ರಾ?" ಒಟ್ಟೊಕಾರ್ ಕೇಳಿದ. "ನೀವು? ಅಶ್ವಶಾಲೇಲಿ ಬೆಳೆದೋರು? ಯಾಕೆ ಮಾವ?"

ವೆಂದೆಲ್ ಕತ್ತು ಹೊರಳಿಸಿದ. ಮಗಳ ಹಳದಿ ಬೂಟು ಎಡಗಣ್ಣಿನ ಅಂಚಿನಲ್ಲಿತ್ತು. ಅಲುಗಲಿಲ್ಲ.

"ನಂಗೆ ಕಾಣ್ಸಲ್ಲ," ಎಂದ. "ಮೂರು ವರ್ಷ ಆಯ್ತು. ಮುಂದೆ ಇರೋರು ಕಾಣ್ಸಲ್ಲ. ನಾನು ಯಾರನ್ನಾದ್ರೂ ಸಾಯಿಸ್ಬಿಡ್ತೀನಿ ಅಂತ ಅವಳಿಗೆ ಕಲ್ಸಿದೆ. ನನ್ ಕಣ್ಣು ಅವಳೇ. ಅದಕ್ಕೆ ಹೊಡೀಬೇಕು ಅಂದ್ರೆ ನಂಗೆ ಹೊಡೀರಿ."

ಹೊರಗೆ ಟ್ರಕ್ಕಿನಲ್ಲಿ ಯಾವುದೋ ಕುದುರೆ ಹಲಗೆ ಒದೆಯುತ್ತಿದ್ದದ್ದು ಕೇಳುತ್ತಿತ್ತು. ಡೆಜೋ ಹಿಂದಿನಿಂದ ಗಟ್ಟಿಯಾಗಿ ಹೇಳಿದ: "ನಿಜ ಕಣ್ರಪ್ಪ. ಹಕ್ಕಿ ಬೊಂಬೆಗೇ ನಮಸ್ಕಾರ ಹೇಳಿದೋನು ಇವನು. ನಾನೇ ಸಾಕ್ಷಿ." ಒಬ್ಬಿಬ್ಬರು ನಕ್ಕು, ನಗಬಾರದಿತ್ತೇನೋ ಎಂದು ನಿಲ್ಲಿಸಿದರು.

ಒಟ್ಟೊಕಾರ್ ಬಹಳ ಹೊತ್ತು ತನ್ನ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ. ಆಮೇಲೆ, "ಬಕೆಟ್ಟು ನೆಲಕ್ಕಿಡು. ನೀನು ಹಲಗೆ ಹಿಂದೆ ಕೂತ್ಕೋ. ಟೋಪೀನೂ ಕಾಣಬಾರದು," ಎಂದ. "ಎಲ್ರೂ ಹಿಂದೆ ಸರೀರಿ. ಮಾವ, ನೀವೂ."

ವೆಂದೆಲ್ ಗೋಡೆಗೆ ಬೆನ್ನು ಕೊಟ್ಟು ನಿಂತ. ಮೂರನೆಯ ಸಲ ಬಿಟ್ಟರು. ಎರಡು ಸಲ ನಿಂತವಳು ಅಭ್ಯಾಸದಿಂದಲೇ ಮೂರನೆಯ ಸಲವೂ ನಿಂತರೆ? ಎಲ್ಲ ಹೇಳಿಯೂ ಆಗಿ, ಎಲ್ಲ ಹೋಗಿಯೂ ಆದರೆ? ಮೂರು ನೆಗೆತ, ಮೌನ, ಧಪ್. ಎರಡು ನೆಗೆತ, ಮೌನ, ಧಪ್. ಒಂದು ನೆಗೆತ.

ಮೌನ.

ಅಷ್ಟು ಉದ್ದದ ಮೌನ ಅವನು ಯಾವ ಕುದುರೆಯಲ್ಲೂ ಕೇಳಿರಲಿಲ್ಲ. ಬೂದಿ ಕಲೆಯ ಮೇಲಂಚಿನಲ್ಲಿ, ಅವನು ಎಂದೂ ಕುದುರೆ ಕಾಣದ ಎತ್ತರದಲ್ಲಿ, ಕೆಂಪನೆಯದೊಂದು ಹಾದುಹೋಯಿತು. ಆಮೇಲೆ ಧಪ್ ಎಂದಿತು. ಕಂಬ ಅಲುಗಿದ ಸದ್ದಿಲ್ಲ. ಯಾರೋ ಹೆಂಗಸು, "ಅಮ್ಮಾ!" ಎಂದಳು, ಡೆಜೋ ಅವನ ತೋಳಿಗೆ ಗುದ್ದಿದ, ಇಡೀ ಶೆಡ್ಡು ಕೂಗಿತು.

ಒಟ್ಟೊಕಾರ್ ಬರೆಯುವವಳಿಗೆ ಹೇಳುತ್ತಿದ್ದ: "ಹಾರಿಕೆ, ಏಳು. ಎರಡು ಸಲ ನಿಂತಿದ್ದು ಕಾಗದದಲ್ಲಿದೆ, ಜಾಸ್ತಿ ಕೊಡಕ್ಕಾಗಲ್ಲ. ಸ್ವಭಾವ..." ಮಾಲ್ನಾಳ ಕಡೆ ನೋಡಿದ. "ಸ್ವಭಾವ ಹತ್ತು. ಪುಸ್ತಕಕ್ಕೆ ಸೇರಿಸಮ್ಮ."

ಮಾಲ್ನಾ ಬಕೆಟ್ಟಿನ ಕಡೆ ತಿರುಗಿಯೂ ನೋಡದೆ ನೇರ ಮುದುಕನ ಹತ್ತಿರ ಬಂದು ಅವನ ಜೇಬಿಗೆ ಮೂತಿ ತೂರಿಸಿದಳು. ಇದ್ದೊಂದು ಕ್ಯಾರೆಟ್ಟು ಕೊಟ್ಟ. ಕತ್ತಿನ ಬೆವರಿಗೆ ಕೆನ್ನೆ ಒತ್ತಿಕೊಂಡು, ಇದು ಕೊನೆಯ ಸಲವೇನೋ ಅಂದುಕೊಂಡ. ಹಗ್ಗ ಸಿಕ್ಕಿಸಿ ಹೊರಗಿನ ಬೆಳಕಿನ ಕಡೆ ಹೊರಟ. ಜನ ದಾರಿ ಬಿಟ್ಟರು. ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು, ಮಾಲ್ನಾ ಗಕ್ಕನೆ ನಿಂತಳು.

ವೆಂದೆಲ್ ಟೋಪಿ ಎತ್ತಿದ. "ದೇವರು ಒಳ್ಳೇದ್ ಮಾಡ್ಲಿ."

ಉತ್ತರ ಬರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಬೂಟೂ ಕಾಣಲಿಲ್ಲ. ಬೋಳುತಲೆಯಲ್ಲಿ ಟೋಪಿ ಎತ್ತಿ ಹಿಡಿದೇ ನಿಂತ. ಎದುರಿನವರು ಮೂಗು ಸೊರ್ ಎಂದು ಎಳೆದುಕೊಂಡರು. ಅದರಿಂದ ಗೊತ್ತಾಯಿತು.

"ನಂಗೂ ಟೋಪಿ ಎತ್ತಿದ್ಯಲ್ಲಪ್ಪಾ," ಎಂದಳು ಇಲ್ಕಾ. "ಮೂರು ವರ್ಷ ಒಂದೇ ಮೇಜಲ್ಲಿ ಊಟ ಮಾಡಿದೀವಿ. ನನ್ನ ಮುಖ ಕಾಣ್ತಿಲ್ಲ ಅಂತ ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನೀನು ಬೀಗ ಹಾಕ್ತಿದ್ದೆ."

"ಹೂಂ, ಹಾಕ್ತಿದ್ದೆ." ಅವಳು ಹತ್ತಿರ ಬಂದು ಅವನ ಕೈಯಿಂದ ಟೋಪಿ ತೆಗೆದುಕೊಂಡು ಅವನ ತಲೆಗೆ ಇಟ್ಟಳು, ಕಿವಿಯವರೆಗೂ ಎಳೆದಳು. ಅವಳ ಬೆರಳು ಅವನ ಕೆನ್ನೆಯ ಮೇಲೆ ಸ್ವಲ್ಪ ಹೊತ್ತು ಇತ್ತು. "ಸೋಮವಾರ ಕಣ್ಣಿನ ಡಾಕ್ಟ್ರ ಹತ್ರ. ಬರಲ್ಲ ಅಂದ್ರೆ ಎಳ್ಕೊಂಡ್ ಹೋಗ್ತೀನಿ."

"ಬರ್ತೀನಿ. ಲಾಯ?"

ಅವನ ಕೈಯಲ್ಲಿದ್ದ ಹಗ್ಗದ ಮೇಲೆ ಅವಳ ಕೈ ಬಂತು. ಕಿತ್ತುಕೊಳ್ಳುತ್ತಾಳೆ ಎಂದು ಅವನು ಬೆರಳು ಸಡಿಲ ಮಾಡಿದ. ಅವಳು ಹಗ್ಗವನ್ನು ಅವನ ಅಂಗೈಗೆ ಇನ್ನೊಂದು ಸುತ್ತು ಸುತ್ತಿದಳು.

"ಬೇರೆ ಕುದುರೆಗಳ ಹತ್ರ ಹೋದ್ರೆ ಕಾಲು ಮುರೀತೀನಿ. ಇವಳ ಹತ್ರ ಮಾತ್ರ," ಎಂದಳು. "ಟ್ರಕ್ಕಿನವರೆಗೂ ಕರ್ಕೊಂಡ್ ನಡಿ. ನಾನು ಪಕ್ಕಕ್ಕೆ ಸರೀತೀನಿ."

ಅವಳು ಸರಿದಳು. ಮಾಲ್ನಾ ನಡೆದಳು.